ಪ್ಲೇಟ್ ಉಳಿಯಿತು, ಗೇರ್‌ಬಾಕ್ಸ್ ಹೋಯಿತು: ಸ್ಪ್ರಿಂಗ್ ಇಲ್ಲದ ಕ್ಲಚ್ ಪ್ಲೇಟ್ ಹಾಕಿಸುವ ಮುನ್ನ ಓದಿ

ರಿಮ್ಯಾಪ್ ಮಾಡಿಸಿದ (ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸಿ ಶಕ್ತಿ ಹೆಚ್ಚಿಸಿದ) ಡೀಸೆಲ್ ಕಾರಿಗೆ ಕ್ಲಚ್ ಹುಡುಕುತ್ತಿರುವವರು ದುಡ್ಡು ಕೊಡುವ ಮೊದಲು ಈ ಕಾರಿಗೆ ಆದದ್ದನ್ನು ಗಮನಿಸಿ. ನಾಲ್ಕು ಸಿಲಿಂಡರಿನ ಟರ್ಬೊ ಡೀಸೆಲ್, ದಿನನಿತ್ಯ ಓಡಾಡುವ ಗಾಡಿ. ಕಂಪನಿಯಿಂದ ಬಂದಾಗ ಟಾರ್ಕ್ (ಎಂಜಿನ್ ತಿರುಗಿಸುವ ಬಲ) 250 ನ್ಯೂಟನ್ ಮೀಟರ್, ರಿಮ್ಯಾಪ್ ಆದಮೇಲೆ 340. ಆಮೇಲೆ ನಾಲ್ಕನೇ, ಐದನೇ ಗೇರಿನಲ್ಲಿ ಪೂರ್ತಿ ಅದುಮಿದರೆ ಆರ್‌ಪಿಎಂ ಏರುತ್ತಿತ್ತು, ಗಾಡಿ ಮಾತ್ರ ಅಷ್ಟು ಓಡುತ್ತಿರಲಿಲ್ಲ. ಕ್ಲಚ್ ಸ್ಲಿಪ್ ಆಗುತ್ತಿದೆ ಎಂದು ಕಂಡುಕೊಂಡದ್ದು ಸರಿಯೇ. ಎಡವಟ್ಟಾದದ್ದು ಅದಕ್ಕೆ ಮಾಡಿದ ಮದ್ದಿನಲ್ಲಿ. ‘ಸ್ಟೇಜ್ 3’ ಎಂದು ಮಾರಿದ ಕಿಟ್ ಕೂರಿಸಲಾಯಿತು: ಆರು ತುಂಡಿನ ಸೆರಾಮಿಕ್ ಪ್ಲೇಟ್, ನಡುವೆ ಸ್ಪ್ರಿಂಗ್ ಇಲ್ಲದ ಗಟ್ಟಿ ಹಬ್, ಡ್ಯುಯಲ್ ಮಾಸ್ ಫ್ಲೈವೀಲ್ (ಎಂಜಿನ್ ತುದಿಯಲ್ಲಿ ತಿರುಗುವ, ಎರಡು ತುಂಡಿನ ಭಾರದ ಚಕ್ರ) ತೆಗೆದು ಅದರ ಜಾಗಕ್ಕೆ ಹಗುರವಾದ ಒಂದೇ ತುಂಡಿನ ಸಿಂಗಲ್ ಮಾಸ್.

ಸುಮಾರು 6,000 ಕಿ.ಮೀ. ಆಗುವಷ್ಟರಲ್ಲಿ ಗೇರ್‌ಬಾಕ್ಸ್ ಇಳಿಸಬೇಕಾಯಿತು. ಡ್ರೇನ್ ಪ್ಲಗ್‌ನ ಅಯಸ್ಕಾಂತದ ಮೇಲೆ ಲೋಹದ ಪುಡಿ ಕೂದಲು ಬೆಳೆದ ಹಾಗೆ ನಿಂತಿತ್ತು. ಅದರ ನಡುವೆ ಉಗುರಿಗೆ ತಗಲುವಷ್ಟು ದೊಡ್ಡ ಚೂರುಗಳು. ಕ್ಲಚ್‌ನಿಂದ ಗೇರ್‌ಬಾಕ್ಸ್ ಒಳಗೆ ಹೋಗುವ ಇನ್‌ಪುಟ್ ಶಾಫ್ಟ್ ಹಿಡಿದು ಅಲ್ಲಾಡಿಸಿದರೆ ಬೇರಿಂಗ್ ಆಟ ಕೈಗೇ ಗೊತ್ತಾಗುತ್ತಿತ್ತು. ಆ ಶಾಫ್ಟ್ ಮೇಲೆ ಹಬ್ ಕೂರುವ ಉದ್ದುದ್ದ ಗೀರಿನ ಸ್ಪ್ಲೈನ್ ಹಲ್ಲುಗಳ ಒಂದು ಮಗ್ಗುಲಲ್ಲಿ ಹಬ್ ಬಡಿದೂ ಬಡಿದೂ ಮೆಟ್ಟಿಲು ಕೊರೆದಿತ್ತು. ಪ್ಲೇಟ್‌ನ ಸೆರಾಮಿಕ್ ಮಾತ್ರ ಹೆಚ್ಚುಕಡಿಮೆ ಹೊಸದರಂತಿತ್ತು.

ಕಾರಣ ಇಷ್ಟೇ. ನಾಲ್ಕು ಸಿಲಿಂಡರಿನ ಎಂಜಿನ್ ಟಾರ್ಕನ್ನು ಒಂದೇ ಸಮನೆ ಕೊಡುವುದಿಲ್ಲ, ಏಟು ಏಟಾಗಿ ಕೊಡುತ್ತದೆ. ಕ್ರ್ಯಾಂಕ್ ಒಂದು ಸುತ್ತು ತಿರುಗಿದರೆ ಎರಡು ಏಟು. 1,500 ಆರ್‌ಪಿಎಂನಲ್ಲಿ ಸೆಕೆಂಡಿಗೆ 50. ಡೀಸೆಲ್‌ನಲ್ಲಿ ಈ ಏಟು ಇನ್ನೂ ಜೋರು. ಡ್ಯುಯಲ್ ಮಾಸ್ ಫ್ಲೈವೀಲ್‌ನ ಎರಡು ತುಂಡುಗಳ ನಡುವೆ ಗ್ರೀಸಿನಲ್ಲಿ ಕೂತಿರುವ ಉದ್ದನೆಯ ಬಾಗಿದ ಸ್ಪ್ರಿಂಗ್‌ಗಳು ಇದನ್ನು ನುಂಗಿಕೊಳ್ಳುತ್ತವೆ. ಅದಕ್ಕೇ ಅಂಥ ಕಾರುಗಳಲ್ಲಿ ಕಂಪನಿಯ ಪ್ಲೇಟ್‌ಗೆ ಎಷ್ಟೋ ಸಲ ಸ್ಪ್ರಿಂಗ್ ಇರುವುದೇ ಇಲ್ಲ. ಫ್ಲೈವೀಲ್‌ನ ಸ್ಪ್ರಿಂಗೂ ಹೋಗಿ ಪ್ಲೇಟ್‌ನಲ್ಲೂ ಸ್ಪ್ರಿಂಗ್ ಇಲ್ಲವೆಂದರೆ ಪ್ರತಿ ಏಟೂ ನೇರ ಸ್ಪ್ಲೈನ್‌ಗೆ, ಅಲ್ಲಿಂದ ಬೇರಿಂಗ್‌ಗೆ, ಗೇರಿನ ಹಲ್ಲಿಗೆ. ಸಿಂಗಲ್ ಮಾಸ್ ಹಾಕಲೇಬೇಕೆಂದರೆ ಸ್ಪ್ರಿಂಗ್ ಇರುವ ಹಬ್ ಕಡ್ಡಾಯ. ಆಗಲೂ ಡ್ಯುಯಲ್ ಮಾಸ್‌ನಷ್ಟು ಮೆತ್ತಗಿರುವುದಿಲ್ಲ, ಸದ್ದು ಸ್ವಲ್ಪ ಉಳಿದೇ ಉಳಿಯುತ್ತದೆ.

ಗಾಡಿ ಮೊದಲ ದಿನದಿಂದಲೇ ಸೂಚನೆ ಕೊಡುತ್ತಿತ್ತು. ನ್ಯೂಟ್ರಲ್‌ನಲ್ಲಿ ಕ್ಲಚ್ ಪೆಡಲ್ ಬಿಟ್ಟಾಗ ಗೇರ್‌ಬಾಕ್ಸ್‌ನಿಂದ ಕಲ್ಲು ತುಂಬಿದ ಡಬ್ಬಿ ಅಲುಗಾಡಿಸಿದಂಥ ಗಡಗಡ. ಪೆಡಲ್ ಒತ್ತಿದರೆ ನಿಶ್ಶಬ್ದ. ‘ರೇಸಿಂಗ್ ಕ್ಲಚ್ ಅಂದಮೇಲೆ ಸದ್ದು ಇರುತ್ತದೆ’ ಎಂದು ಕಿಟ್ ಹಾಕಿದವರು ಸಮಾಧಾನ ಹೇಳಿ ಕಳಿಸಿದರು. ಗಡಗಡ ಒಂದೇ ಆಗಿದ್ದರೆ ಆ ಮಾತನ್ನು ಒಪ್ಪಬಹುದಿತ್ತು. ಐದನೇ ಗೇರಿನಲ್ಲಿ 1,500ರ ಆಸುಪಾಸು ಎಳೆಯುವಾಗ ಗುರ್ ಎಂಬ ಕಂಪನವೂ ಸೇರಿದರೆ ಅದು ಸಹಿಸಿಕೊಳ್ಳುವ ಸದ್ದಲ್ಲ. ಗಾಡಿ ನಿಲ್ಲಿಸಿ ತೋರಿಸಿ.

‘ಸ್ಟೇಜ್’ ಎಂಬುದಕ್ಕೆ ಎಲ್ಲ ತಯಾರಕರಿಗೂ ಅನ್ವಯಿಸುವ ಅಳತೆ ಇಲ್ಲ. ಒಬ್ಬರ 2 ಇನ್ನೊಬ್ಬರ 3 ಆಗಿರಬಹುದು. ಹಾರ್ಸ್‌ಪವರ್ ಲೆಕ್ಕದಲ್ಲಿ ಮಾರುವುದನ್ನೂ ನಂಬಬೇಡಿ, ಕ್ಲಚ್ ಹಿಡಿಯುವುದು ಟಾರ್ಕನ್ನು. ಕೇಳಬೇಕಾದದ್ದು ನಾಲ್ಕು ಸಂಖ್ಯೆ: ಕ್ಲಚ್ ಪ್ಲೇಟನ್ನು ಫ್ಲೈವೀಲ್‌ಗೆ ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟ್ ಒತ್ತುವ ಬಲ, ಪ್ಲೇಟ್‌ನ ಹಿಡಿಯುವ ಪದರವಾದ ಲೈನಿಂಗ್‌ನ ಘರ್ಷಣಾಂಕ (ಎಷ್ಟು ಹಿಡಿತ ಎನ್ನುವ ಅಳತೆ), ಲೈನಿಂಗ್‌ನ ಹೊರ ಮತ್ತು ಒಳ ವ್ಯಾಸ, ಹಿಡಿಯುವ ಮುಖಗಳು ಎಷ್ಟು. ಒಂದು ಪ್ಲೇಟ್‌ಗೆ ಎರಡು ಮುಖ. ಉದಾಹರಣೆಗೆ ಹೊರವ್ಯಾಸ 228 ಮಿ.ಮೀ., ಒಳವ್ಯಾಸ 150 ಇದ್ದರೆ ಸರಾಸರಿ ತ್ರಿಜ್ಯ ಸುಮಾರು 0.095 ಮೀಟರ್. ಒತ್ತುವ ಬಲ 5,500 ನ್ಯೂಟನ್, ಆರ್ಗಾನಿಕ್ (ನಾರು, ರಾಳ ಬೆರೆಸಿದ ಸಾಮಾನ್ಯ) ಲೈನಿಂಗ್‌ನ ಘರ್ಷಣಾಂಕ 0.3 ಎಂದಿಟ್ಟುಕೊಂಡರೆ 2 × 0.3 × 5,500 × 0.095, ಅಂದರೆ ಸುಮಾರು 313 ನ್ಯೂಟನ್ ಮೀಟರ್. 250ಕ್ಕೆ ಧಾರಾಳ, 340ಕ್ಕೆ ಸಾಲದು. ಅದೇ ಪ್ಲೇಟ್ ಇಟ್ಟು ಒತ್ತುವ ಬಲವನ್ನು ಶೇ. 30 ಹೆಚ್ಚಿಸಿದರೆ 407 ಬರುತ್ತದೆ, 340ರ ಮೇಲೆ ಶೇ. 20ರಷ್ಟು ಮೀಸಲು. ರಸ್ತೆಯ ಗಾಡಿಗೆ ಇಷ್ಟು ಸಾಕು. ಸೆರಾಮಿಕ್ ಬೇಕೇ ಇರಲಿಲ್ಲ.

ಹೆಚ್ಚು ಹಿಡಿದರೆ ಒಳ್ಳೆಯದೇ ಅಲ್ಲವೇ ಎನ್ನುವವರಿಗೆ: ಅತಿಯಾದ ಒತ್ತಡ ಬಂದಾಗ ಕ್ಲಚ್ ಒಂದಿಷ್ಟು ಜಾರಿ ಮುಂದಿನ ಭಾಗಗಳನ್ನು ಕಾಯುತ್ತದೆ. 500ಕ್ಕೂ ಜಾರದ ಕ್ಲಚ್ ಹಾಕಿದರೆ ಆ ಏಟು ತಿನ್ನುವುದು ಗೇರ್ ಮತ್ತು ಡ್ರೈವ್ ಶಾಫ್ಟ್. ಜೊತೆಗೆ ತುಂಡು ತುಂಡಿನ ಸೆರಾಮಿಕ್ ಪ್ಲೇಟ್ ಹಾಫ್ ಕ್ಲಚ್‌ಗೆ ಒಗ್ಗುವುದಿಲ್ಲ. ಟ್ರಾಫಿಕ್‌ನಲ್ಲಿ ಗಾಡಿ ಜಗ್ಗಿ ಜಗ್ಗಿ ಹೊರಡುತ್ತದೆ, ಫ್ಲೈವೀಲ್‌ನ ಮುಖವನ್ನೂ ಬೇಗ ತಿನ್ನುತ್ತದೆ. ಕೆವ್ಲಾರ್ ಎಂಬ ಗಟ್ಟಿ ನಾರಿನ ಲೈನಿಂಗ್ ಹಿಡಿಯುವುದು ಮೃದು, ಬಾಳಿಕೆಯೂ ಚೆನ್ನ, ಆದರೆ ಪಳಗುವ ಮೊದಲೇ ಬಿಸಿ ಮಾಡಿದರೆ ಮೇಲ್ಮೈ ಗಾಜಿನಂತಾಗಿ ಹಿಡಿತ ಹೋಗುತ್ತದೆ.

ಪ್ರೆಷರ್ ಪ್ಲೇಟ್‌ನ ಸ್ಪ್ರಿಂಗ್ ಬಲ ಹೆಚ್ಚಿಸುವುದೂ ಪುಕ್ಕಟೆಯಲ್ಲ. ಪೆಡಲ್ ಬಿಗಿಯಾಗುತ್ತದೆ, ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರ್‌ನ ಸೀಲ್ ಸೋರಲು ಶುರುವಾಗಬಹುದು, ಪೆಡಲ್ ಒತ್ತಿದಷ್ಟು ಹೊತ್ತೂ ಕ್ರ್ಯಾಂಕ್‌ನ ಥ್ರಸ್ಟ್ ಬೇರಿಂಗ್ ಮೇಲೆ ಭಾರ. ಸಿಗ್ನಲ್‌ನಲ್ಲಿ ಗೇರ್ ಹಾಕಿಕೊಂಡು ಪೆಡಲ್ ಒತ್ತಿ ನಿಲ್ಲುವ ಅಭ್ಯಾಸ ಬಿಡಬೇಕು.

ಫ್ಲೈವೀಲ್ ಹಗುರವಾದರೆ ಎಂಜಿನ್ ಬೇಗ ಏರುತ್ತದೆ, ನಿಜ. ಬೇಗ ಇಳಿಯುತ್ತದೆ ಕೂಡ. ಐಡಲ್ ಒದ್ದಾಡುತ್ತದೆ, ಹೊರಡುವಾಗ ಆಫ್ ಆಗುತ್ತದೆ, ಕೆಲವು ಕಾರುಗಳಲ್ಲಿ ಮಿಸ್‌ಫೈರ್ (ಸಿಲಿಂಡರ್‌ನಲ್ಲಿ ಇಂಧನ ಸರಿಯಾಗಿ ಉರಿಯದಿರುವುದು) ಆಗದಿದ್ದರೂ ಆಗಿದೆ ಎನ್ನುವ ಪಿ0300 ಕೋಡ್ ಬರುತ್ತದೆ. ಕಂಪನಿಯ ಎರಕದ ಫ್ಲೈವೀಲನ್ನೇ ಲೇತ್‌ಗೆ ಹಾಕಿ ತೂಕ ಇಳಿಸಿಕೊಡುತ್ತೇವೆ ಎನ್ನುವವರ ಹತ್ತಿರ ಸುಳಿಯಲೇಬೇಡಿ. ವೇಗದಲ್ಲಿ ಅದು ಸಿಡಿದರೆ ಚೂರು ಕ್ಲಚ್ ಮುಚ್ಚಿರುವ ಬೆಲ್ ಹೌಸಿಂಗ್ ಸೀಳಿಕೊಂಡು ಕಾಲಿನ ಬಳಿ ಬರುತ್ತದೆ. ಒಂದೇ ತುಂಡಿನ ಸ್ಟೀಲ್‌ನದು, ಅಮೆರಿಕದ ರೇಸಿಂಗ್ ಸುರಕ್ಷತಾ ಸಂಸ್ಥೆ ಎಸ್‌ಎಫ್‌ಐನ 1.1 ಪ್ರಮಾಣಪತ್ರ ಇರುವುದು ಕೊಳ್ಳಿ. ಕ್ರ್ಯಾಂಕ್ ಸೆನ್ಸರ್ ಫ್ಲೈವೀಲ್‌ನಿಂದ ಸಿಗ್ನಲ್ ತೆಗೆದುಕೊಳ್ಳುವ ಕಾರಾದರೆ ಹಲ್ಲಿನ ಎಣಿಕೆ, ಅದರ ಜಾಗ ಎರಡೂ ಹೊಂದಬೇಕು. ಇಲ್ಲದಿದ್ದರೆ ಎಂಜಿನ್ ಸ್ಟಾರ್ಟೇ ಆಗದು.

ಈ ಕಾರಿಗೆ ಕೊನೆಗೆ ಹೊಂದಿದ್ದು ಹೊಸ ಡ್ಯುಯಲ್ ಮಾಸ್, ಬಲ ಹೆಚ್ಚಿಸಿದ ಪ್ರೆಷರ್ ಪ್ಲೇಟ್, ಆರ್ಗಾನಿಕ್ ಪ್ಲೇಟ್. ಜೊತೆಗೆ ಮ್ಯಾಪ್‌ನಲ್ಲೂ ಬದಲಾವಣೆ: 1,700 ಆರ್‌ಪಿಎಂನಲ್ಲಿ 280ಕ್ಕೆ ತಡೆ, 2,300 ದಾಟಿದ ಮೇಲಷ್ಟೇ 340. ಕಡಿಮೆ ಆರ್‌ಪಿಎಂನಲ್ಲಿ ಪೂರ್ತಿ ಟಾರ್ಕ್ ಕೊಟ್ಟರೆ ಡ್ಯುಯಲ್ ಮಾಸ್‌ನ ಸ್ಪ್ರಿಂಗ್ ತಳ ಮುಟ್ಟಿ ಬಡಿದುಕೊಳ್ಳುತ್ತದೆ. ಕ್ಲಚ್‌ಗೆ ಇರುವಂತೆ ಫ್ಲೈವೀಲ್‌ಗೂ ಟಾರ್ಕ್ ಮಿತಿ ಇದೆ ಎಂಬುದನ್ನು ಮಾರುವವರು ಹೇಳುವುದು ಕಡಿಮೆ.

ಕೂರಿಸುವಾಗ ಹೊಸ ಫ್ಲೈವೀಲ್ ಮೇಲಿನ ತುಕ್ಕುನಿರೋಧಕ ಎಣ್ಣೆಯನ್ನು ಬ್ರೇಕ್ ಕ್ಲೀನರ್‌ನಿಂದ ಪೂರ್ತಿ ಒರೆಸಿ. ಸ್ಪ್ಲೈನ್‌ಗೆ ಗ್ರೀಸ್ ಹೊಳೆದರೆ ಸಾಕು, ಹೆಚ್ಚಾದರೆ ಹಾರಿ ಲೈನಿಂಗ್‌ಗೆ ಅಂಟುತ್ತದೆ. ಒಮ್ಮೆ ಬಿಗಿದರೆ ಹಿಗ್ಗುವ ಜಾತಿಯ ಫ್ಲೈವೀಲ್ ಬೋಲ್ಟ್‌ಗಳನ್ನು ಮತ್ತೆ ಬಳಸಬೇಡಿ. ಗೇರ್‌ಬಾಕ್ಸ್ ಹೇಗೂ ಇಳಿದಿರುತ್ತದೆ, ರಿಲೀಸ್ ಬೇರಿಂಗ್ ಬದಲಿಸಿ, ಕ್ರ್ಯಾಂಕ್‌ನ ಹಿಂದಿನ ಸೀಲ್ ಒದ್ದೆಯಾಗಿದ್ದರೆ ಅದನ್ನೂ.

ಮೊದಲ 800 ಕಿ.ಮೀ. ಊರೊಳಗಿನ ಓಡಾಟ, ಪೂರ್ತಿ ಬೂಸ್ಟ್ ಬೇಡ. ಆಮೇಲೆ ನಾಲ್ಕನೇ ಗೇರಿನಲ್ಲಿ ಆರ್‌ಪಿಎಂ ಮತ್ತು ವೇಗ ಎರಡನ್ನೂ ಲಾಗ್ ಮಾಡಿ. 60 ಕಿ.ಮೀ. ವೇಗಕ್ಕೆ 2,000 ಇದ್ದರೆ 90ಕ್ಕೆ 3,000 ಇರಬೇಕು. 3,400 ತೋರಿಸಿದರೆ 400 ಸುತ್ತು ಜಾರುತ್ತಿದೆ. 310 ನ್ಯೂಟನ್ ಮೀಟರ್‌ನಲ್ಲಿ ಅಷ್ಟು ಜಾರಿದರೆ ಹುಟ್ಟುವ ಶಾಖ ಸುಮಾರು 13 ಕಿಲೋವ್ಯಾಟ್, 2 ಕಿಲೋವ್ಯಾಟ್‌ನ ಆರು ಗೀಸರ್‌ಗಿಂತ ಹೆಚ್ಚು. ಹಾಗೆ ಕಂಡ ಕ್ಷಣವೇ ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ.