ಮಡಿಕೇರಿಯ ಆಸ್ಪತ್ರೆಯೊಂದರ ಮೂಳೆ ವಿಭಾಗ: ಕಾಲಿನ ಜೊತೆಗೆ ಉಸಿರನ್ನೂ ಕಾದವರು

ಕರಿಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ತೊಡೆಮೂಳೆ ಮುರಿದುಕೊಂಡ ನಮ್ಮ ಭಾವನವರಿಗೆ ಈ ಆಸ್ಪತ್ರೆಯಲ್ಲಿ ರಾಡ್ ಹಾಕಿದರು. ಮೂಳೆ ಚೆನ್ನಾಗಿ ಕೂಡಿದೆ. ಆದರೆ ನನಗೆ ಅದಕ್ಕಿಂತ ದೊಡ್ಡದಾಗಿ ಕಂಡದ್ದು, ಅಲ್ಲಿನವರು ಅವರ ಶ್ವಾಸಕೋಶ ಮತ್ತು ಹೃದಯದ ಮೇಲಿಟ್ಟ ನಿಗಾ.

ತೊಡೆಮೂಳೆಯಂಥ ಉದ್ದ ಮೂಳೆ ಮುರಿದಾಗ ಮಜ್ಜೆಯೊಳಗಿನ ಕೊಬ್ಬಿನ ಕಣಗಳು ಹರಿದ ರಕ್ತನಾಳಗಳನ್ನು ಸೇರಿ, ಹೃದಯದ ಬಲಭಾಗವನ್ನು ದಾಟಿ, ಶ್ವಾಸಕೋಶದ ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ರಾಡ್ ಕೂರಿಸಲು ಮೂಳೆಯ ಒಳಗನ್ನು ಕೊರೆದು ಅಗಲಿಸುವಾಗ ಅಲ್ಲಿನ ಒತ್ತಡ ಏರುವುದರಿಂದ ಇನ್ನಷ್ಟು ಕೊಬ್ಬು ರಕ್ತಕ್ಕೆ ಹೋಗುತ್ತದೆ. ಹೆಚ್ಚಿನವರಿಗೆ ಇದರಿಂದ ಏನೂ ಆಗುವುದಿಲ್ಲ. ಕೆಲವರಿಗೆ ಮಾತ್ರ, ಸಾಮಾನ್ಯವಾಗಿ ಪೆಟ್ಟು ಬಿದ್ದ 24ರಿಂದ 72 ಗಂಟೆಗಳ ನಡುವೆ, ಏದುಸಿರು ಮತ್ತು ಮಂಕು ಕಾಣಿಸಿಕೊಳ್ಳುತ್ತವೆ, ಎದೆ ಹಾಗೂ ಕಂಕುಳಲ್ಲಿ ಕೆಂಪು ಚುಕ್ಕೆಗಳೇಳುತ್ತವೆ. ನಾಳಗಳು ಕಟ್ಟಿಕೊಂಡಷ್ಟೂ ಹೃದಯದ ಬಲಭಾಗದ ಮೇಲೆ ಹೊರೆ ಬೀಳುತ್ತದೆ.

ಇದನ್ನೆಲ್ಲ ಶಸ್ತ್ರಚಿಕಿತ್ಸೆಗೆ ಮೊದಲೇ ಅರಿವಳಿಕೆ ತಜ್ಞರು ನಮ್ಮನ್ನು ಕೂರಿಸಿಕೊಂಡು ವಿವರಿಸಿದರು. ರಾತ್ರಿ ಪಾಳಿಯ ನರ್ಸ್ ಭಾವನವರ ಬೆರಳಿಗೆ ಸಿಕ್ಕಿಸಿದ್ದ ಆಕ್ಸಿಮೀಟರ್ ನೋಡಿ ಸುಮ್ಮನಾಗುತ್ತಿರಲಿಲ್ಲ; ಅಂಗಿ ಸರಿಸಿ ಕಂಕುಳನ್ನೂ, ಕೆಳರೆಪ್ಪೆ ಎಳೆದು ಕಣ್ಣನ್ನೂ ಪರೀಕ್ಷಿಸಿ, "ಅಣ್ಣಾ, ಈಗ ಯಾವ ಊರಲ್ಲಿದ್ದೀರಿ?" ಎಂದು ಕೇಳುತ್ತಿದ್ದರು. ಎರಡನೆಯ ರಾತ್ರಿ ಭಾವನವರು ಉತ್ತರಕ್ಕೆ ತಡವರಿಸಿದರು, ಆಮ್ಲಜನಕದ ಮಟ್ಟವೂ ಇಳಿಯಿತು. ಬೆಳಗಿನ ರೌಂಡ್ಸ್‌ವರೆಗೆ ಕಾಯದೆ ಡಾಕ್ಟರನ್ನು ಕರೆಸಿ, ಐಸಿಯುಗೆ ಸಾಗಿಸಿ ಆಮ್ಲಜನಕ ಕೊಟ್ಟರು. ಈ ಕೊಬ್ಬನ್ನು ಕರಗಿಸುವ ಔಷಧಿಯೆಂಬುದಿಲ್ಲ. ಶ್ವಾಸಕೋಶ ಚೇತರಿಸಿಕೊಳ್ಳುವ ತನಕ ಉಸಿರಿಗೆ ಆಸರೆ ಕೊಡುವುದೇ ಚಿಕಿತ್ಸೆ. ಆದ್ದರಿಂದ ಆ ನರ್ಸ್‌ನ ಪ್ರಶ್ನೆಗೆ ನಾವು ಎಷ್ಟು ಋಣಿಗಳೆಂದು ಹೇಳಲಾರೆ.

ಮುರಿದ ಮೂಳೆಯನ್ನು ಬೇಗ ಭದ್ರಪಡಿಸಿದಷ್ಟೂ ಶ್ವಾಸಕೋಶದ ತೊಂದರೆ ಕಡಿಮೆ. ನಮ್ಮಲ್ಲಿ ಕೆಲವರು ಮೊದಲು ನಾಟಿ ಕಟ್ಟು ಕಟ್ಟಿಸಿ ದಿನ ಕಳೆಯುತ್ತಾರೆ. ತೊಡೆಮೂಳೆಯ ವಿಷಯದಲ್ಲಿ ದಯವಿಟ್ಟು ಹಾಗೆ ಮಾಡಬೇಡಿ. ತೋಟದಿಂದ ಜೀಪಿನಲ್ಲಿ ತರುವಾಗಲೂ ಕಾಲು ಅಲುಗದಂತೆ ಹಲಗೆ ಕಟ್ಟಿಕೊಂಡೇ ಹೊರಡಿ.

ಕೊರತೆಯೆಂದರೆ ಡಿಸ್ಚಾರ್ಜ್ ಹೊತ್ತಿನದು. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ವಾರಗಳ ನಂತರವೂ ಶ್ವಾಸಕೋಶಕ್ಕೆ ಹೋಗಿ ಪ್ರಾಣಕ್ಕೆ ಅಪಾಯ ತರಬಹುದು. ಅದಕ್ಕಾಗಿ ಬರೆದ ಮಾತ್ರೆಯ ಉದ್ದೇಶವನ್ನು ಯಾರೂ ಹೇಳಲಿಲ್ಲ, ಚೀಟಿಯೂ ಇಂಗ್ಲಿಷಿನಲ್ಲಿತ್ತು. ಮೀನಖಂಡ ಊದಿದರೆ ಅಥವಾ ಹಠಾತ್ತನೆ ಉಸಿರು ಕಟ್ಟಿದರೆ ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ ಬರಬೇಕೆಂಬ ಒಂದು ಸಾಲನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಕೊಡಬೇಕೆಂದು ಆಡಳಿತದವರಿಗೆ ಲಿಖಿತವಾಗಿ ಕೇಳಿಕೊಂಡಿದ್ದೇನೆ.