‘ಸುರುವಿಗೆ ನೋವು ಎಲ್ಲರಿಗೂ ಆಗ್ತದೆ’: ಬ್ರೆಸ್ಟ್ ಪಂಪ್ ಕೊಳ್ಳುವ ತಾಯಂದಿರಿಗೆ ಒಂದು ಎಚ್ಚರಿಕೆ

ಹೆರಿಗೆ ರಜೆ ಮುಗಿಯುತ್ತಾ ಬಂದು, ಉಡುಪಿಯಲ್ಲೋ ಮಂಗಳೂರಿನಲ್ಲೋ ಬ್ರೆಸ್ಟ್ ಪಂಪ್ ವಿಚಾರಿಸುತ್ತಿರುವ ತಾಯಂದಿರು ಹಣ ಕೊಡುವ ಮೊದಲು ಇದನ್ನು ಓದಬೇಕೆಂದು ಕೇಳಿಕೊಳ್ಳುತ್ತೇನೆ. ಪಂಪ್ ಬಳಸುವಾಗ ನೋವಾದರೆ ಸಹಿಸಿಕೊಳ್ಳಬೇಡಿ, ಕೂಡಲೇ ನಿಲ್ಲಿಸಿ. ಅದರ ಯಾವುದೋ ಭಾಗ ನಿಮ್ಮ ದೇಹಕ್ಕೆ ಹೊಂದುತ್ತಿಲ್ಲ, ಇಲ್ಲವೇ ಎಳೆತ ಅತಿಯಾಗಿದೆ ಎಂಬುದನ್ನು ಆ ನೋವು ತಿಳಿಸುತ್ತಿರುತ್ತದೆ. ನನಗೆ ಪಂಪ್ ಮಾರಿದ ಅಂಗಡಿಯಲ್ಲಿ ಹೇಳಿದ್ದು ಇದಕ್ಕೆ ತೀರಾ ವಿರುದ್ಧವಾದ ಮಾತು, ಮತ್ತು ಆ ಮಾತಿನಿಂದ ನನ್ನ ಮಗುವಿನ ಹಾಲೇ ನಿಂತುಹೋಗುವ ಸ್ಥಿತಿ ಬಂದಿತ್ತು.

ನಮ್ಮ ಮನೆ ಕಟಪಾಡಿಯ ಸಮೀಪ, ಕಚೇರಿ ಮಂಗಳೂರಿನಲ್ಲಿ. ಬಸ್ಸಿನ ಪ್ರಯಾಣವನ್ನೂ ಸೇರಿಸಿದರೆ ಹಗಲಿನ ಬಹುಪಾಲು ಮಗುವಿನಿಂದ ದೂರವಿರಬೇಕಾದ್ದರಿಂದ, ರಜೆ ಮುಗಿಯುವ ಮೊದಲೇ ಹಾಲು ತೆಗೆದಿಡುವ ಅಭ್ಯಾಸವಾಗಲಿ ಎಂದು ಮಕ್ಕಳ ಸಾಮಾನು ಮಾರುವ ಅಂಗಡಿಯೊಂದರಿಂದ ವಿದ್ಯುತ್ ಪಂಪ್ ತಂದೆವು. ಡಬ್ಬದಲ್ಲಿ ಎದೆಗೆ ಹಿಡಿಯುವ 28 ಮಿ.ಮೀ. ಕಪ್ ಮಾತ್ರ ಇತ್ತು. ಬೇರೆ ಅಳತೆಯದು ಇದೆಯೇ ಎಂದು ಕೇಳಿದಾಗ, ‘ಇದು ಎಲ್ಲರಿಗೂ ಆಗುವ ಸೈಜ್ ಮೇಡಂ, ಸ್ಪೀಡ್ ಫುಲ್ ಇಡಿ, ಸುರುವಿಗೆ ನೋವು ಎಲ್ಲರಿಗೂ ಆಗ್ತದೆ, ಮತ್ತೆ ಅಭ್ಯಾಸವಾಗ್ತದೆ’ ಎಂಬ ಉತ್ತರ ಬಂತು. ಅವರು ಹೇಳಿದಂತೆಯೇ ಬಳಸಿದೆ. ಮೊದಲು ಉರಿ, ಆಮೇಲೆ ತೊಟ್ಟಿನ ಬುಡದಲ್ಲಿ ಬಿರುಕು, ಕೊನೆಗೆ ಹಾಲಿನಲ್ಲಿ ರಕ್ತದ ಎಳೆ. ಬಾಟಲಿಯ ತಳ ಮುಚ್ಚುವಷ್ಟು ಹಾಲು ಬರುವುದೂ ಕಷ್ಟವಾಯಿತು. ಮಗು ಕುಡಿಯಲು ಬಂದರೆ ನೋವಿಗೆ ಮೈಯೆಲ್ಲ ಬಿಗಿಯಾಗುತ್ತಿತ್ತು. ಆಗ ಅಂಗಡಿಗೆ ಫೋನ್ ಮಾಡಿದರೆ, ‘ನಿಮಗೆ ಹಾಲೇ ಕಡಿಮೆ ಉಂಟು ಮೇಡಂ, ಪಂಪಿನದ್ದು ಏನೂ ತೊಂದರೆ ಇಲ್ಲ’ ಎಂದರು, ಹಾಲಿನ ಪುಡಿಯ ಡಬ್ಬವೊಂದರ ಹೆಸರನ್ನೂ ಹೇಳಿದರು.

ತಾಯಂದಿರ ಮನಸ್ಸನ್ನು ಮುರಿಯಲು ಆ ಒಂದು ಮಾತು ಸಾಕು. ಮನೆಯಲ್ಲಿ ಅಮ್ಮ ಮೆಂತೆ ಗಂಜಿ, ಬೆಳ್ಳುಳ್ಳಿ ಎಂದು ಒಂದೊಂದಾಗಿ ಮಾಡಿ ಕೊಡುತ್ತಿದ್ದರು. ಅವರ ಅಕ್ಕರೆಯಲ್ಲಿ ಕೊರತೆಯಿರಲಿಲ್ಲ, ಆದರೆ ತೊಂದರೆ ಇದ್ದದ್ದು ಊಟದಲ್ಲಿ ಅಲ್ಲ. ಅದು ಗೊತ್ತಾದದ್ದು ಎದೆ ಗಟ್ಟಿಯಾಗಿ, ಕೆಂಪಾಗಿ, ಚಳಿಜ್ವರ ಬಂದು ಆಸ್ಪತ್ರೆಗೆ ಹೋದಾಗ. ವೈದ್ಯರು ಬಾವಿಗೆ ಔಷಧ ಬರೆದುಕೊಟ್ಟ ಮೇಲೆ, ಅಲ್ಲಿ ಸ್ತನ್ಯಪಾನದ ಸಲಹೆ ಕೊಡುವ ಹಿರಿಯ ನರ್ಸ್ ಒಬ್ಬರು ಪಂಪನ್ನು ತರಿಸಿ ನೋಡಿದರು. ಸಣ್ಣ ಅಳತೆಪಟ್ಟಿಯಿಂದ ತೊಟ್ಟಿನ ಬುಡದ ಅಗಲವನ್ನು ಅಳೆದರು: 17 ಮಿ.ಮೀ. ‘ಇದಕ್ಕೆ 28ರ ಕಪ್ ಯಾರು ಕೊಟ್ಟದ್ದು ನಿಮಗೆ?’ ಎಂದು ಅವರು ಕೇಳಿದ ದನಿಯಲ್ಲಿ ನನ್ನ ಮೇಲೆ ಆಕ್ಷೇಪವಿರಲಿಲ್ಲ, ಇಂಥ ತಾಯಂದಿರನ್ನು ಮತ್ತೆ ಮತ್ತೆ ನೋಡಿದ ಬೇಸರವಿತ್ತು.

ಈ ಅಳತೆಯ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಹೆಚ್ಚಿನ ತೊಂದರೆಗಳ ಬೇರು ಇಲ್ಲಿದೆ. ಎದೆಗೆ ಹಿಡಿಯುವ ಆಲಿಕೆಯಂಥ ಕಪ್ಪಿಗೆ ಫ್ಲ್ಯಾಂಜ್ ಎನ್ನುತ್ತಾರೆ. ಅದರ ಮೇಲಿರುವ 24, 28 ಮುಂತಾದ ಸಂಖ್ಯೆ, ತೊಟ್ಟು ಒಳಗೆ ಚಲಿಸುವ ಕೊಳವೆಯ ವ್ಯಾಸ. ತೊಟ್ಟಿನ ಬುಡದ ಅಗಲವನ್ನಷ್ಟೇ, ಸುತ್ತಲಿನ ಕಪ್ಪು ವೃತ್ತವನ್ನು ಬಿಟ್ಟು, ಅಳೆದು ಅದಕ್ಕಿಂತ ಸುಮಾರು 2–3 ಮಿ.ಮೀ. ದೊಡ್ಡದಾದ ಕಪ್ಪಿನಿಂದ ಪರೀಕ್ಷೆ ಆರಂಭಿಸಬಹುದು. ಕೆಲವರಿಗೆ ಅದಕ್ಕಿಂತಲೂ ಬಿಗಿಯಾದದ್ದೇ ಹಿತವೆನಿಸುತ್ತದೆ. ಕಪ್ ತೀರಾ ದೊಡ್ಡದಾದರೆ ತೊಟ್ಟಿನ ಜೊತೆಗೆ ಕಪ್ಪು ವೃತ್ತವೂ ಕೊಳವೆಯೊಳಗೆ ಎಳೆದುಕೊಂಡು ಊದಿಕೊಳ್ಳುತ್ತದೆ, ಒಳಗಿನ ಹಾಲಿನ ನಾಳಗಳು ಅದುಮಿಕೊಂಡು ಹರಿವು ಕುಗ್ಗುತ್ತದೆ. ತೀರಾ ಚಿಕ್ಕದಾದರೆ ತೊಟ್ಟು ಗೋಡೆಗೆ ಉಜ್ಜಿ ಗಾಯವಾಗುತ್ತದೆ. ಸರಿಯಾದ ಕಪ್ಪಿನಲ್ಲಿ ತೊಟ್ಟು ನಡುವಿನಲ್ಲಿದ್ದು ಸರಾಗವಾಗಿ ಮುಂದೆ ಹಿಂದೆ ಚಲಿಸುತ್ತದೆ, ಮುಗಿದ ಮೇಲೆ ಬಿಳಿಚಿಕೊಂಡಿರುವುದಿಲ್ಲ, ಎದೆ ಹಗುರವಾಗಿರುತ್ತದೆ. ಎರಡು ಕಡೆಯ ಅಳತೆ ಬೇರೆ ಬೇರೆ ಇರಬಹುದು, ತಿಂಗಳುಗಳು ಕಳೆದಂತೆ ಬದಲಾಗಲೂಬಹುದು. ನನ್ನಂತೆ ದೊಡ್ಡ ಕಪ್ಪಿನ ಪಂಪ್ ಈಗಾಗಲೇ ಕೊಂಡವರು ಅದನ್ನು ಎಸೆಯಬೇಕಾಗಿಲ್ಲ; ಇರುವ ಕಪ್ಪಿನ ಅಳತೆಗೆ ತಕ್ಕಂತೆ ಅದರೊಳಗೆ ಕೂರಿಸುವ 17, 19, 21 ಮಿ.ಮೀ. ಸಿಲಿಕೋನ್ ಒಳಕಪ್ಪುಗಳು ಪ್ರತ್ಯೇಕವಾಗಿ ಸಿಗುತ್ತವೆ. ರಥಬೀದಿಯ ಬಳೆಯಂಗಡಿಯಲ್ಲಿ ಕೈ ಹಿಡಿದು ನೋಡದೆ ಬಳೆ ತೊಡಿಸುವುದಿಲ್ಲ. ಸಾವಿರಾರು ರೂಪಾಯಿಯ ಈ ಯಂತ್ರವನ್ನು, ಅದೂ ಇಷ್ಟು ಮೃದುವಾದ ಅಂಗಕ್ಕೆ, ಅಳತೆಯ ಮಾತೇ ಎತ್ತದೆ ಮಾರುತ್ತಾರೆ ಎಂಬುದು ನನಗೆ ಈಗಲೂ ಸಿಟ್ಟು ತರಿಸುವ ಸಂಗತಿ.

ಎರಡನೆಯದು ಎಳೆತದ ಬಲ. ಬಲ ಹೆಚ್ಚಿಸಿದಷ್ಟೂ ಹಾಲು ಹೆಚ್ಚು ಬರುತ್ತದೆ ಎಂಬ ನಂಬಿಕೆ ಸುಳ್ಳು. ಹಾಲು ಹೊರಬರಬೇಕಾದರೆ ಮೊದಲು ಆಕ್ಸಿಟೋಸಿನ್ ಎಂಬ ಹಾರ್ಮೋನು ಬಿಡುಗಡೆಯಾಗಿ, ಹಾಲು ತುಂಬಿದ ಸಣ್ಣ ಚೀಲಗಳ ಸುತ್ತಲಿನ ಸ್ನಾಯುಕೋಶಗಳನ್ನು ಸಂಕುಚಿಸಿ, ಹಾಲನ್ನು ನಾಳಗಳಿಗೆ ತಳ್ಳಬೇಕು. ನಾವು ‘ಎದೆ ಜುಮ್ಮೆನ್ನುತ್ತದೆ, ಹಾಲು ಇಳಿಯಿತು’ ಎನ್ನುವುದು ಇದನ್ನೇ. ನೋವು, ಆತಂಕ, ಅವಸರ ಈ ಇಳಿತವನ್ನು ತಡೆಯುತ್ತವೆ. ಹಾಗಾಗಿ ಹಲ್ಲು ಕಚ್ಚಿಕೊಂಡು ಪೂರ್ಣ ಬಲದಲ್ಲಿ ಎಳೆಸಿಕೊಂಡರೆ ಹಾಲು ಕಡಿಮೆಯೇ ಬರುತ್ತದೆ. ಆ ನರ್ಸ್ ಕಲಿಸಿದ ಕ್ರಮ ಹೀಗಿತ್ತು: ಮೊದಲ ಒಂದೆರಡು ನಿಮಿಷ ಹಗುರವಾದ, ವೇಗದ ಎಳೆತ, ಹಾಲು ಇಳಿಯಲು ತೊಡಗಿದ ಮೇಲೆ ನಿಧಾನದ, ತುಸು ಆಳವಾದ ಎಳೆತ, ಬಲವನ್ನು ಒಂದೊಂದೇ ಹಂತ ಏರಿಸುತ್ತಾ ಹೋಗಿ, ಅಹಿತವೆನಿಸಿದ ಕೂಡಲೇ ಒಂದು ಹಂತ ಕೆಳಗಿಳಿಸಿ ಅಲ್ಲಿಯೇ ನಿಲ್ಲುವುದು. ಹರಿವು ನಿಂತಾಗ ಮತ್ತೆ ಹಗುರವಾದ ಎಳೆತಕ್ಕೆ ಮರಳಿದರೆ ಎರಡನೆಯ ಇಳಿತ ಬರುವುದುಂಟು. ಒಟ್ಟು 15–20 ನಿಮಿಷ ಸಾಕು.

ಇದರ ಜೊತೆಗೆ ಕೈಯ ಕೆಲಸವೂ ಇದೆ. ಆರಂಭಕ್ಕೆ ಮೊದಲು ಬೆಚ್ಚಗಿನ ಬಟ್ಟೆ ಇಟ್ಟು ಹಗುರವಾಗಿ ನೀವುವುದು, ಪಂಪ್ ನಡೆಯುತ್ತಿರುವಾಗ ಎದೆಯನ್ನು ಮೃದುವಾಗಿ ಅದುಮುವುದು, ಕೊನೆಯಲ್ಲಿ ಕೈಯಿಂದಲೇ ಹಿಂಡಿ ಉಳಿದ ಹಾಲನ್ನು ತೆಗೆಯುವುದು, ಇವೆಲ್ಲ ಪ್ರಯೋಜನಕಾರಿ. ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ತಾಯಂದಿರನ್ನು ಕುರಿತು ಅಮೆರಿಕದ ಸ್ಟ್ಯಾನ್‌ಫರ್ಡ್‌ನ ವೈದ್ಯರು 2009ರಲ್ಲಿ ಪ್ರಕಟಿಸಿದ ಅಧ್ಯಯನವೂ ಪಂಪಿನ ಜೊತೆ ಕೈಯ ಬಳಕೆ ಸೇರಿದಾಗ ಹಾಲಿನ ಪ್ರಮಾಣ ಹೆಚ್ಚಿದ್ದನ್ನು ತೋರಿಸಿದೆ. ಆದರೆ ಎದೆ ಕೆಂಪಾಗಿ ಬಾವು ಬಂದಿರುವಾಗ ಗಟ್ಟಿಯಾಗಿ ತಿಕ್ಕುವುದು, ಗಂಟು ಒಡೆಯಲೆಂದು ಒತ್ತುವುದು ಕೂಡದು. ಅದರಿಂದ ಊತ ಹೆಚ್ಚುತ್ತದೆ. ಆಗ ತಣ್ಣನೆಯ ಬಟ್ಟೆ ಇಟ್ಟು, ಮಗುವಿಗೆ ಎಂದಿನಂತೆ ಕುಡಿಸುತ್ತಾ, ಜ್ವರವಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ಸರಿಯಾದ ಅಳತೆಯ ಒಳಕಪ್ ಸಿಕ್ಕಿ, ಗಾಯ ಮಾಗಿದ ಮೇಲೆ ನನ್ನ ಹಾಲು ಮೆಲ್ಲಗೆ ಮೊದಲಿನಂತಾಯಿತು. ‘ನಿಮಗೆ ಹಾಲೇ ಕಡಿಮೆ’ ಎಂದವರ ಮಾತು ಆಗಲೂ ನಿಜವಾಗಿರಲಿಲ್ಲ. ನೇರವಾಗಿ ಹಾಲೂಡಿಸುವ ತಾಯಿಗೆ ಮಗು ಕುಡಿದ ನಂತರ ಪಂಪ್ ಮಾಡಿದಾಗ 15ರಿಂದ 60 ಮಿ.ಲೀ. ಬಂದರೆ ಅದು ಸಹಜವೇ. ಬಾಟಲಿಯಲ್ಲಿ ಬಿದ್ದ ಹಾಲಿನಿಂದ ಎದೆಯಲ್ಲಿರುವ ಹಾಲನ್ನು ಅಳೆಯಲಾಗದು. ಮಗುವಿಗೆ ಸಾಕಾಗುತ್ತಿದೆಯೇ ಎಂದು ತಿಳಿಯಲು ದಿನಕ್ಕೆ ಆರಾದರೂ ಬಾರಿ ಮೂತ್ರ ಮಾಡುತ್ತಿದೆಯೇ ಎಂದು ನೋಡಿ, ತಾಯಿ ಕಾರ್ಡಿನಲ್ಲಿ ತೂಕದ ಗೆರೆ ಏರುತ್ತಿದೆಯೇ ಎಂದು ಆಶಾ ಕಾರ್ಯಕರ್ತೆಯನ್ನೋ ವೈದ್ಯರನ್ನೋ ಕೇಳಿ. ವೈದ್ಯಕೀಯ ಕಾರಣಕ್ಕೆ ಹಾಲಿನ ಪುಡಿ ಬೇಕಾಗುವ ಮಕ್ಕಳಿದ್ದಾರೆ, ಅದನ್ನು ಕೊಡುವ ತಾಯಂದಿರ ಬಗ್ಗೆ ನನಗೆ ಯಾವ ಆಕ್ಷೇಪವೂ ಇಲ್ಲ. ಆದರೆ ಆ ತೀರ್ಮಾನ ವೈದ್ಯರದ್ದಾಗಿರಬೇಕು. ಶಿಶುಗಳ ಹಾಲಿನ ಪುಡಿ ಮತ್ತು ಬಾಟಲಿಗಳ ಪ್ರಚಾರವನ್ನು ನಮ್ಮ ದೇಶದಲ್ಲಿ 1992ರ ಕಾಯ್ದೆ ನಿಷೇಧಿಸಿದೆ, 2003ರ ತಿದ್ದುಪಡಿ ಅದನ್ನು ಇನ್ನಷ್ಟು ಬಿಗಿಗೊಳಿಸಿದೆ. ತಾಯಿ ಕೇಳದೆಯೇ ಅಂಗಡಿಯವರು ಪುಡಿಯ ಹೆಸರು ಹೇಳುವುದು ಈ ಕಾಯ್ದೆಯ ಆಶಯಕ್ಕೆ ವಿರುದ್ಧ.

ಇನ್ನೊಂದು ಅಪಾಯವನ್ನೂ ಹೇಳಲೇಬೇಕು. ನನ್ನ ದೂರು ಮುಂದುವರಿದಾಗ ಅದೇ ಅಂಗಡಿಯವರು ‘ಇದು ಪವರ್‌ಫುಲ್’ ಎಂದು ಬಾಡಿಗೆಯ ಪಂಪ್ ಒಂದನ್ನು ಕಳುಹಿಸಿದ್ದರು. ಅದರ ಟ್ಯೂಬಿನ ಒಳಗೆ ಕಪ್ಪು ಚುಕ್ಕೆಗಳಿದ್ದವು, ಬೂಷ್ಟಿನ ವಾಸನೆಯಿತ್ತು. ನಾನು ಅದನ್ನು ಮುಟ್ಟದೆ ಹಿಂದಿರುಗಿಸಿದೆ. ಹಾಲು ಮತ್ತು ಮೋಟರಿನ ನಡುವೆ ತಡೆಪೊರೆ ಇಲ್ಲದ ಪಂಪುಗಳಲ್ಲಿ ಹಾಲಿನ ಹನಿ ಟ್ಯೂಬಿನ ಮೂಲಕ ಮೋಟರಿನವರೆಗೂ ಹೋಗಬಲ್ಲದು, ಅಲ್ಲಿ ತೊಳೆಯಲು ದಾರಿಯಿಲ್ಲ. ಒಬ್ಬರ ಬಳಕೆಗೆಂದೇ ಮಾಡಿದ ಅಂಥ ಪಂಪನ್ನು ಬಾಡಿಗೆಗಾಗಲಿ, ಪರಿಚಯದ ಅಕ್ಕನಿಂದಾಗಲಿ ಪಡೆಯಬೇಡಿ. ಹಲವರ ಬಳಕೆಗೆಂದೇ ತಯಾರಿಸಿದ, ತಡೆಪೊರೆಯಿರುವ ಆಸ್ಪತ್ರೆ ದರ್ಜೆಯ ಪಂಪಾದರೂ ಕಪ್, ಟ್ಯೂಬ್, ವಾಲ್ವ್ ಹೊಸವೇ ಇರಬೇಕು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಬಟ್ಟೆಯೇ ಒಣಗದಿರುವಾಗ ಟ್ಯೂಬ್ ತಾನಾಗಿ ಒಣಗುವುದೆಂದು ನಂಬಬೇಡಿ. ಒಳಗೆ ಹನಿ ಕಂಡರೆ ಕಪ್ ಕಳಚಿ, ಟ್ಯೂಬ್ ಒಣಗುವವರೆಗೆ ಮೋಟರನ್ನು ಸ್ವಲ್ಪ ಹೊತ್ತು ಓಡಿಸಿ. ಎಳೆತ ಇದ್ದಕ್ಕಿದ್ದಂತೆ ಕುಗ್ಗಿದರೆ ಮೊದಲು ವಾಲ್ವನ್ನು ನೋಡಿ. ಆ ಸಣ್ಣ ಸಿಲಿಕೋನ್ ತುಂಡು ಸೀಳಿದ್ದರೆ ಅಥವಾ ಸಡಿಲವಾಗಿದ್ದರೆ ಮೋಟರ್ ಚೆನ್ನಾಗಿದ್ದರೂ ಹಾಲು ಬರುವುದಿಲ್ಲ.

ತೆಗೆದ ಹಾಲನ್ನು ಇಡುವ ವಿಷಯದಲ್ಲೂ ಅಂಗಡಿಯವರ ಮಾತಿಗಿಂತ ಹವಾಮಾನವನ್ನು ಗಮನಿಸಿ. 25 ಡಿಗ್ರಿ ಸೆಲ್ಸಿಯಸ್‌ವರೆಗಿನ ಕೋಣೆಯಲ್ಲಿ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ನಾಲ್ಕು ದಿನ ಎಂಬುದು ಸಾಮಾನ್ಯ ಲೆಕ್ಕ. ಮಂಗಳೂರಿನ ಹಗಲು 25 ಡಿಗ್ರಿಯಲ್ಲಿ ನಿಲ್ಲುವುದಿಲ್ಲವಾದ್ದರಿಂದ ಕೂಡಲೇ ಫ್ರಿಜ್ಜಿಗೆ ಇಡಿ. ಬಸ್ಸಿನಲ್ಲಿ ತರುವಾಗ ಐಸ್ ಪ್ಯಾಕ್ ಇರುವ, ತಂಪು ಹಿಡಿದಿಡುವ ಚೀಲ ಬೇಕು.

ನನ್ನ ಪಂಪನ್ನು ಅಂಗಡಿಯವರು ಹಿಂದಕ್ಕೆ ಪಡೆಯಲಿಲ್ಲ, ಡಬ್ಬ ತೆರೆದ ಮೇಲೆ ಸ್ವಚ್ಛತೆಯ ಕಾರಣಕ್ಕೆ ವಾಪಸಿಲ್ಲ ಎಂದರು. ಆದ್ದರಿಂದ ಡಬ್ಬ ತೆರೆಯುವ ಮೊದಲೇ ನಿಮ್ಮ ಅಳತೆಯನ್ನು ಹೆರಿಗೆಯಾದ ಆಸ್ಪತ್ರೆಯ ನರ್ಸ್ ಬಳಿ ತೆಗೆಸಿಕೊಂಡಿರಿ, ಆ ಅಳತೆಯ ಕಪ್ ಈ ಪಂಪಿಗೆ ಸಿಗುತ್ತದೆಯೇ, ವಾಲ್ವ್ ಬಿಡಿಯಾಗಿ ಸಿಗುತ್ತದೆಯೇ, ತಡೆಪೊರೆ ಇದೆಯೇ ಎಂದು ಕೇಳಿ. ಉತ್ತರ ತಡವರಿಸಿದರೆ ಬೇರೆ ಅಂಗಡಿಗೆ ಹೋಗಿ. ಬಿಲ್ ಮತ್ತು ವಾರಂಟಿ ಚೀಟಿಯನ್ನು ಬಿಡದೆ ಪಡೆಯಿರಿ. ದೋಷವಿರುವ ಅಥವಾ ಬಳಸಿದ ಪಂಪನ್ನು ಹೊಸದೆಂದು ಕೊಟ್ಟಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡುವಾಗ ಅವೇ ನಿಮ್ಮ ದಾಖಲೆ.