ಒಳಗಿನ ನೆಟ್‌ವರ್ಕ್‌ಗೆ ಮೇಲ್: ರೆಡಿಮೇಡ್ ಪ್ಯಾಕೇಜಾ, ಪೋಸ್ಟ್‌ಫಿಕ್ಸಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಪೋಸ್ಟ್‌ಫಿಕ್ಸ್-ಡವ್‌ಕಾಟ್ ಜೋಡಿಗೆ. ಪೋಸ್ಟ್‌ಫಿಕ್ಸ್ ಮೇಲ್ ಸಾಗಿಸುವ ಪ್ರೋಗ್ರಾಂ, ಡವ್‌ಕಾಟ್ ಬಂದ ಮೇಲನ್ನು ಓದಲು ಕೊಡುವ ಪ್ರೋಗ್ರಾಂ. ನನಗೆ ಬೇಕಿದ್ದಿದ್ದು ಇಷ್ಟೇ: ಆರು ಕಂಪ್ಯೂಟರ್, ಒಂದು ಹಳೇ ಸ್ಕ್ಯಾನರ್, ಇವುಗಳ ನಡುವೆ ಮೇಲ್ ಓಡಾಡಬೇಕು. ಇಂಟರ್ನೆಟ್ ಬೇಡ. ಸರ್ವರ್ ಮಾಡಲು ಸಿಕ್ಕಿದ್ದು 4 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪ್.

ಮೊದಲು ಹಾಕಿದ್ದು ಡಾಕರ್ (ಪ್ರೋಗ್ರಾಂಗಳನ್ನು ಪ್ರತ್ಯೇಕ ಡಬ್ಬಿಗಳಲ್ಲಿಟ್ಟು ಓಡಿಸುವ ಸಾಧನ) ಮೇಲೆ ಓಡುವ ರೆಡಿಮೇಡ್ ಪ್ಯಾಕೇಜ್. ವೆಬ್‌ಮೇಲ್, ಕ್ಯಾಲೆಂಡರ್, ಸ್ಪ್ಯಾಮ್ ಫಿಲ್ಟರ್, ವೈರಸ್ ಸ್ಕ್ಯಾನರ್ ಎಲ್ಲ ಒಟ್ಟಿಗೇ ಬಂದವು. ವೈರಸ್ ಸ್ಕ್ಯಾನರ್ ಒಂದೇ 1 ಜಿಬಿಗಿಂತ ಜಾಸ್ತಿ ಮೆಮೊರಿ ನುಂಗಿತು. ಹೊರಗಿನ ಮೇಲೇ ಬರದ ಕಡೆ ಸ್ಪ್ಯಾಮ್ ಫಿಲ್ಟರ್ ಯಾಕೆ, ಅಲ್ವಾ? ಎರಡನ್ನೂ ಆಫ್ ಮಾಡಿದೆ.

ನಿಜವಾದ ತಲೆನೋವು ಹೆಸರಿನದು. ಡೊಮೇನ್‌ಗೆ ಸುಮ್ನೆ 'ಆಫೀಸ್ ಡಾಟ್ ಲೋಕಲ್' ಅಂತ ಇಟ್ಟಿದ್ದೆ. ವಿಂಡೋಸ್ ಯಂತ್ರಗಳಿಗೆ ಸರ್ವರ್ ಸಿಕ್ಕಿತು, ಉಬುಂಟು ಲಿನಕ್ಸ್ ಇದ್ದ ಎರಡಕ್ಕೆ ಸಿಗಲಿಲ್ಲ. ಸರ್ವರಿನ ಐಪಿ ನಂಬರ್ ಹಾಕಿ ಪಿಂಗ್ ಮಾಡಿದರೆ (ಇದ್ದೀಯಾ ಅಂತ ಕೇಳಿದರೆ) ಉತ್ತರ ಬರುತ್ತದೆ, ಹೆಸರು ಹಾಕಿದರೆ ಇಲ್ಲ. ಕೇಬಲ್ ಬದಲಿಸಿದೆ, ಫೈರ್‌ವಾಲ್ ತೆಗೆದೆ, ಎರಡು ಸಂಜೆ ಹೋಯಿತು.

ಕೊನೆಗೆ ತಿಳಿಯಿತು. ಹೆಸರಿಗೆ ಐಪಿ ನಂಬರ್ ಹುಡುಕಿಕೊಡುವ ವ್ಯವಸ್ಥೆಯೇ ಡಿಎನ್‌ಎಸ್. 'ಡಾಟ್ ಲೋಕಲ್' ಅದರ ಸರ್ವರ್ ಇಲ್ಲದೆ ನಡೆಯುವ ರೂಪವಾದ ಮಲ್ಟಿಕಾಸ್ಟ್ ಡಿಎನ್‌ಎಸ್‌ಗೆ ಮೀಸಲು, ಇಂಟರ್ನೆಟ್ ನಿಯಮಗಳ ದಾಖಲೆಯಾದ 2013ರ ಆರ್‌ಎಫ್‌ಸಿ 6762ರಲ್ಲೇ ಇದೆ. ಆ ಉಬುಂಟು ಯಂತ್ರಗಳು ನನ್ನ ಡಿಎನ್‌ಎಸ್ ಸರ್ವರನ್ನು ಕೇಳುವುದೇ ಇಲ್ಲ. ಈ ಹೆಸರು ಯಾರದಪ್ಪಾ ಅಂತ ಇಡೀ ನೆಟ್‌ವರ್ಕಿಗೆ ಕೂಗುತ್ತವೆ. ಓಗೊಡುವವರು ಯಾರೂ ಇಲ್ಲದಿದ್ದರೆ ಅಲ್ಲಿಗೇ ಕೈಬಿಡುತ್ತವೆ.

ಹಾಗಾಗಿ 'ಡಾಟ್ ಇಂಟರ್ನಲ್'ಗೆ ಬದಲಿಸಲು ಹೊರಟೆ. ಇಂಟರ್ನೆಟ್ ಹೆಸರುಗಳನ್ನು ನೋಡಿಕೊಳ್ಳುವ ಸಂಸ್ಥೆ ಐಕಾನ್ (ICANN) 2024ರಲ್ಲಿ ಅದನ್ನು ಖಾಸಗಿ ಬಳಕೆಗೆಂದೇ ಎತ್ತಿಟ್ಟಿದೆ. ಪ್ಯಾಕೇಜಿನಲ್ಲಿ ಡೊಮೇನ್ ಹೆಸರು ತಿದ್ದಲು ದಾರಿಯೇ ಕಾಣಲಿಲ್ಲ. ಹೊಸ ಡೊಮೇನ್ ಸೇರಿಸಿ, ಮೇಲ್‌ಬಾಕ್ಸ್‌ಗಳನ್ನೆಲ್ಲ ಮತ್ತೆ ಮಾಡಿ, ಹಳೇ ಮೇಲ್ ಸಾಗಿಸಬೇಕಿತ್ತು. ಅಲ್ಲಿಗೆ ಅದರ ಮೇಲಿನ ಪ್ರೀತಿ ಮುಗಿಯಿತು.

ಪೋಸ್ಟ್‌ಫಿಕ್ಸ್ ಹಾಕಿದ ಮೇಲೆ ಬೇಕಂತಲೇ ಹೆಸರು ಬದಲಿಸಿ ನೋಡಿದೆ. ಒಂದೇ ಫೈಲಿನಲ್ಲಿ ಮೂರು ಸಾಲು, ಒಂದು ರೀಸ್ಟಾರ್ಟ್. ಮೇಲ್‌ಬಾಕ್ಸ್‌ಗಳು ಲಿನಕ್ಸ್ ಯೂಸರ್ ಹೆಸರಿನಲ್ಲಿ ಇದ್ದದ್ದರಿಂದ ಅವನ್ನು ಮುಟ್ಟಲೇ ಇಲ್ಲ. ಟಿಎಲ್‌ಎಸ್ (ಮೇಲನ್ನು ಗುಟ್ಟಾಗಿ ಸಾಗಿಸುವ ವಿಧಾನ) ಬಾರದ ಆ ಹಳೇ ಸ್ಕ್ಯಾನರನ್ನೂ, ನಂಬಿಕೆಯ ಯಂತ್ರಗಳ ಪಟ್ಟಿಯಾದ 'ಮೈನೆಟ್‌ವರ್ಕ್ಸ್' ಸಾಲಿಗೆ ಸೇರಿಸಿದೆ. ಈಗ ಅದು ಪಾಸ್‌ವರ್ಡ್ ಇಲ್ಲದೆ, ಮೇಲ್‌ನ ಮಾಮೂಲಿ ದಾರಿಯಾದ ಪೋರ್ಟ್ 25ರಲ್ಲಿ ಕಳಿಸುತ್ತದೆ.

ಟಿಎಲ್‌ಎಸ್‌ಗೆ ಬೇಕಾದ ಸರ್ಟಿಫಿಕೇಟ್ (ಸರ್ವರಿನ ಗುರುತುಪತ್ರ) ಪ್ಯಾಕೇಜು, ಪೋಸ್ಟ್‌ಫಿಕ್ಸ್ ಎರಡರಲ್ಲೂ ನಾನೇ ಮಾಡಿದ್ದು. ಮೇಲ್ ಓದುವ ಪ್ರೋಗ್ರಾಂ ಥಂಡರ್‌ಬರ್ಡ್ ಒಮ್ಮೆ ಗೊಣಗಿ ಒಪ್ಪಿಕೊಂಡಿತು.

ಬ್ರೌಸರಿನಲ್ಲೇ ಮೇಲ್ ನೋಡಬೇಕು, ರ‍್ಯಾಮ್ ಧಾರಾಳವಾಗಿದೆ ಅನ್ನುವವರಿಗೆ ಪ್ಯಾಕೇಜೇ ಸುಲಭ. ನನಗೆ ಟರ್ಮಿನಲ್ ಅಭ್ಯಾಸ, ಹೊಸ ಯಂತ್ರಕ್ಕೆ ದುಡ್ಡಿಲ್ಲ. ನಾನು ಮೇಲ್ ಇಡುವ ಮೇಲ್‌ಡಿರ್ ಎಂಬ ಫೋಲ್ಡರ್ ಮಾದರಿಯಲ್ಲಿ ಒಂದೊಂದು ಮೇಲೂ ಒಂದೊಂದು ಫೈಲ್, ರಾತ್ರಿ ಆರ್‌ಸಿಂಕ್ (ಬದಲಾದ ಫೈಲುಗಳನ್ನು ನಕಲಿಸುವ ಪ್ರೋಗ್ರಾಂ) ಮಾಡಿದರೆ ಬ್ಯಾಕಪ್ಪೂ ಆಯಿತು.